ಹಗುರ ಪುಸ್ತಕಗಳ ಬಗ್ಗೆ ಓದುಗರ ಮಾತು



ಇಂದು ನಾನು ಮಾತನಾಡಬೇಕೆಂದಿರುವುದು ದೊಡ್ಡ ಸಾಹಿತ್ಯದ ಬಗ್ಗೆ ಅಲ್ಲ. ಪ್ರೇಮದ ಕಾದಂಬರಿ, ಪತ್ತೇದಾರಿ ಕಾದಂಬರಿ, ಅಡುಗೆ, ಹೊಲಿಗೆ, ಜೇನು ಸಾಕಣೆ ಮುಂತಾದುವನ್ನು ಕಲಿಸುವ ಕೈಪಿಡಿ, ಈ ಮೂರು ಬಗೆಯ ಪುಸ್ತಕಗಳ ಬಗ್ಗೆ ನಮ್ಮೂರಿನ ಓದುಗರು ಏನು ಹೇಳುತ್ತಾರೆ ಎಂಬುದನ್ನು ನಿಮ್ಮ ಮುಂದಿಡುತ್ತೇನೆ. ವಿಮರ್ಶೆ ಮಾಡುವ ವಿದ್ಯೆ ನನ್ನಲ್ಲಿಲ್ಲ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದು ನಿವೃತ್ತನಾದವನು. ಈಗ ಕಾಸರಗೋಡಿನ ಒಳನಾಡಿನ ನಮ್ಮ ಹಳ್ಳಿಯ ವಾಚನಾಲಯದಲ್ಲಿ ವಾರಕ್ಕೆ ಮೂರು ಸಂಜೆ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ಮಾಡುತ್ತೇನೆ. ಯಾವ ಪುಸ್ತಕ ಹೋಯಿತು, ಯಾವುದು ಬಂತು, ತಂದುಕೊಟ್ಟವರು ಏನೆಂದರು, ಇಷ್ಟೇ ನನ್ನ ಬಂಡವಾಳ.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣ ಉಂಟು. ಕೇರಳದಲ್ಲಿ ಹಳ್ಳಿಹಳ್ಳಿಗೆ ಗ್ರಂಥಾಲಯ ಬಂದದ್ದು ಪಿ.ಎನ್. ಪಣಿಕ್ಕರ್ ಅವರು 1945ರಲ್ಲಿ ಆರಂಭಿಸಿದ ಗ್ರಂಥಾಲಯ ಚಳವಳಿಯಿಂದ. ಅವರು ತೀರಿಕೊಂಡ ಜೂನ್ 19ನ್ನು ಇಂದಿಗೂ ವಾಚನ ದಿನವೆಂದು ಆಚರಿಸುತ್ತೇವೆ. ಆ ಚಳವಳಿಯ ಫಲವಾಗಿ ನಮ್ಮಂಥ ಸಣ್ಣ ವಾಚನಾಲಯಕ್ಕೂ ಪುಸ್ತಕ ಕೊಳ್ಳಲು ಅನುದಾನ ಬರುತ್ತದೆ. ಹಣ ಬಂದಾಗ ಸಮಿತಿಯಲ್ಲಿ ಪ್ರತಿ ಸಲವೂ ಎರಡು ಮಾತು ಏಳುತ್ತವೆ. ಒಂದು, "ಕನ್ನಡಕ್ಕೆ ಸಿಗುವುದು ಸ್ವಲ್ಪ ಹಣ, ಅದರಲ್ಲಿ ಕಾರಂತ, ಕುವೆಂಪು, ಬೇಂದ್ರೆಯವರ ಪುಸ್ತಕ ತರುವ. ಲವ್ ಸ್ಟೋರಿ, ಕೊಲೆ ಕಥೆ ನಮಗೆ ಯಾಕೆ?" ಎನ್ನುವುದು. ಎರಡನೆಯದು, "ಕನ್ನಡ ಪುಸ್ತಕ ಕೊಂಡುಹೋಗುವವರು ಕಡಿಮೆಯಾಗುತ್ತಿದ್ದಾರಲ್ಲ, ಆ ಕಪಾಟಿನಲ್ಲಿ ಬೇರೆ ಏನಾದರೂ ಇಡಬಹುದಲ್ಲವೇ?" ಎನ್ನುವುದು.

ಇವನ್ನು ಬೇರೆ ಬೇರೆಯಾಗಿ ಕೇಳಿದರೆ ಎರಡೂ ನ್ಯಾಯವೆಂದೇ ತೋರುತ್ತದೆ. ಒಟ್ಟಿಗೆ ಇಟ್ಟು ನೋಡಿದರೆ ಅಪಾಯ ತಿಳಿಯುತ್ತದೆ. ಜನ ಓದುವ ಪುಸ್ತಕ ತರುವುದು ಬೇಡ ಎನ್ನುವುದು ಮೊದಲ ಮಾತು. ಜನ ಓದುವುದಿಲ್ಲ, ಆದ್ದರಿಂದ ಕಪಾಟೇ ಬೇಡ ಎನ್ನುವುದು ಎರಡನೆಯದು. ಇದರ ನಡುವೆ ಓದುವವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟೆ. ಪುಸ್ತಕ ಹಿಂದೆ ತಂದವರು ಅದರಲ್ಲಿ ಒಂದೆರಡು ಸಾಲು ಬರೆಯಬೇಕು. ಬರೆಯಲು ನಾಚುವವರು ಬಾಯಲ್ಲಿ ಹೇಳಿದರೆ ನಾನೇ ಬರೆದುಕೊಳ್ಳುತ್ತೇನೆ. ಕೆಲವು ಮಾತುಗಳನ್ನು ಹೆಸರು ಹೇಳದೆ ನಿಮಗೆ ತಿಳಿಸುತ್ತೇನೆ.

ಮೊದಲು ಪ್ರೇಮದ ಕಾದಂಬರಿ. ನಮ್ಮ ಕಪಾಟಿನಲ್ಲಿ ಅತಿ ಹೆಚ್ಚು ಸವೆದಿರುವುದು ಸಾಯಿಸುತೆಯವರ ಪುಸ್ತಕಗಳು. ಅವರ ಕಾದಂಬರಿಗಳಿಂದ 'ಶ್ವೇತ ಗುಲಾಬಿ', 'ಮಿಡಿದ ಶ್ರುತಿ' ಮುಂತಾದ ಚಲನಚಿತ್ರಗಳೂ ಬಂದಿವೆ. ಬೀಡಿ ಕಟ್ಟುವ ಒಬ್ಬ ತಂಗಿ ಹೇಳಿದ್ದು ಹೀಗೆ: "ಮಾವ, ಇಡೀ ದಿನ ಎಲೆ, ಹೊಗೆಸೊಪ್ಪು, ನೂಲು. ರಾತ್ರಿ ಇಪ್ಪತ್ತು ಪುಟ ಓದಿದರೆ ನಾಳೆ ಎಂತದೋ ಒಳ್ಳೆಯದಾಗ್ತದೆ ಅಂತ ಕಾಣ್ತದೆ." ಇದಕ್ಕೆ ಎದುರು ಮಾತೂ ನೋಟುಪುಸ್ತಕದಲ್ಲಿದೆ. ನಿವೃತ್ತ ಮಾಷ್ಟ್ರೊಬ್ಬರು, "ಹುಡುಗ ಯಾವಾಗಲೂ ಶ್ರೀಮಂತ, ಹುಡುಗಿ ಯಾವಾಗಲೂ ಸ್ವಾಭಿಮಾನಿ. ನಮ್ಮ ಗ್ರಾಮದಲ್ಲಿ ಅಂಥ ಬಂಗ್ಲೆ ಎಷ್ಟು ಉಂಟು?" ಎಂದು ಬರೆದಿದ್ದಾರೆ. ಅದರ ಕೆಳಗೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, "ಬಂಗ್ಲೆ ಇರಲಿ ಬಿಡಿ. ಮದುವೆ ನಿಶ್ಚಯವಾದ ಕೂಡಲೆ ನಾಯಕಿ ಕೆಲಸ ಬಿಡುವುದು ಯಾಕೆ?" ಎಂದು ಬರೆದಳು. ಹಗುರ ಪುಸ್ತಕ ಓದಿದವರ ತಲೆ ಹಗುರವಾಗಿರುತ್ತದೆ ಎನ್ನುವವರು ಈ ಪ್ರಶ್ನೆಯನ್ನು ಗಮನಿಸಬೇಕು. ಆ ಹುಡುಗಿ ಓದುತ್ತಿರುವಾಗಲೇ ಜಗಳವಾಡುತ್ತಿದ್ದಾಳೆ.

ತ್ರಿವೇಣಿಯವರದು ಇದರಿಂದ ಒಂದು ಮೆಟ್ಟಿಲು ಬೇರೆ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಆ ಲೇಖಕಿ ಮನೆ, ಮದುವೆ, ಪ್ರೀತಿ ಇವುಗಳನ್ನೇ ಬರೆದರು. ಆದರೆ ಮನಸ್ಸಿನ ಕಾಯಿಲೆಯನ್ನು ಕಾಯಿಲೆಯೆಂದೇ ಬರೆದರು. 'ಶರಪಂಜರ'ದ ಕಾವೇರಿ ಹೆರಿಗೆಯ ಬಳಿಕ ಮನಸ್ಸು ಕೆಟ್ಟು, ಚಿಕಿತ್ಸೆಯಾಗಿ ಗುಣವಾಗಿ ಮನೆಗೆ ಬಂದರೂ ಮನೆಯವರು ಅವಳನ್ನು ಗುಣವಾದವಳೆಂದು ನಂಬುವುದಿಲ್ಲ. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ನಮ್ಮ ಓದುಗರಲ್ಲಿ ಒಬ್ಬರು ಅಕ್ಕ ಈ ಪುಸ್ತಕ ಹಿಂದೆ ಕೊಡುವಾಗ ತುಂಬ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಹೇಳಿದರು: "ನಮ್ಮ ನೆರೆಮನೆಯ ಬಾಣಂತಿಗೆ ಸೋಂಕು ಅಂತ ಹೇಳಿ ಕೋಣೆಯಲ್ಲಿ ಕೂರಿಸಿದ್ದಾರೆ. ಇದು ಓದಿದ ಮೇಲೆ ನಾನು ಹೋಗಿ ಅವಳ ಅತ್ತೆ ಹತ್ತಿರ, ಇದು ಸೋಂಕಲ್ಲ, ಡಾಕ್ಟ್ರಲ್ಲಿಗೆ ಕರಕೊಂಡು ಹೋಗಿ ಅಂದೆ." ಕರೆದುಕೊಂಡು ಹೋದರು, ಈಗ ಆಕೆ ಚೆನ್ನಾಗಿದ್ದಾಳೆ. ಹೆಂಗಸರ ಕಾದಂಬರಿ ಎಂದು ಬದಿಗಿಟ್ಟ ಒಂದು ಪುಸ್ತಕದಿಂದ ನಮ್ಮೂರಿನಲ್ಲಿ ಇಷ್ಟು ಕೆಲಸ ಆಗಿದೆ.

ಗಡಿಯವರಿಗೆ ಇನ್ನೊಂದು ಸ್ವಾರಸ್ಯವಿದೆ. ತ್ರಿವೇಣಿಯವರ 'ಬೆಕ್ಕಿನ ಕಣ್ಣು' ಕಾದಂಬರಿಯನ್ನು ಇದೇ ಪುಟ್ಟಣ್ಣನವರು 1966ರಲ್ಲಿ ಮಲಯಾಳದಲ್ಲಿ 'ಪೂಚ್ಚಕ್ಕಣ್ಣಿ' ಎಂಬ ಚಿತ್ರವಾಗಿ ಮಾಡಿದರು. ಪ್ರೇಮ್ ನಜೀರ್ ಅಭಿನಯಿಸಿದ ಆ ಚಿತ್ರದ ಕಥೆ ಕನ್ನಡದ್ದೆಂದು ಹೇಳಿದರೆ ನಮ್ಮ ಮಲಯಾಳಿ ನೆರೆಯವರಿಗೆ ಆಶ್ಚರ್ಯವಾಗುತ್ತದೆ. ಮಲಯಾಳದಲ್ಲಿ ಇಂಥ ಕಥೆಗಳಿಗೆ 'ಪೈಂಗಿಳಿ' ಎನ್ನುತ್ತಾರೆ. ಮುಟ್ಟತ್ತು ವರ್ಕಿಯವರ 'ಪಾಡಾತ್ತ ಪೈಂಗಿಳಿ' ಎಂಬ ಕಾದಂಬರಿಯಿಂದ ಬಂದ ಹೆಸರು ಅದು. ಆದರೆ ಆ ಪೈಂಗಿಳಿ ಕಥೆಗಳನ್ನು ಓದಲು ವಾರಪತ್ರಿಕೆ ಕೊಂಡವರು ಲಕ್ಷಗಟ್ಟಲೆ. ಅಕ್ಷರ ಕಲಿತ ಬಡವರಿಗೆ ಓದಿನ ಅಭ್ಯಾಸ ಹಿಡಿಸಿದ್ದರಲ್ಲಿ ಆ ವಾರಪತ್ರಿಕೆಗಳ ಪಾಲು ದೊಡ್ಡದು. ಕನ್ನಡದಲ್ಲೂ 'ಸುಧಾ', 'ತರಂಗ'ಗಳ ಧಾರಾವಾಹಿಗಳು ಇದೇ ಕೆಲಸ ಮಾಡಿದವು. ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೂಡ ಮೊದಲು ಬಂದದ್ದು 'ಲಂಕೇಶ್ ಪತ್ರಿಕೆ'ಯ ಧಾರಾವಾಹಿಯಾಗಿ. ಮುಂದಿನ ವಾರಕ್ಕೆ ಕಾಯುತ್ತಿದ್ದ ಓದುಗರೇ ಇಲ್ಲದಿದ್ದರೆ ಅಂಥ ಕೃತಿ ಹಳ್ಳಿಯ ಮನೆಗಳಿಗೆ ತಲುಪುತ್ತಿರಲಿಲ್ಲ.

ಇನ್ನು ಪತ್ತೇದಾರಿ. ಈ ವಿಭಾಗದ ಪುಸ್ತಕಗಳಿಗೆ ಎರಡು ಕಷ್ಟ ಇವೆ. ಕೊನೆಯ ಹಾಳೆ ಕಾಣೆಯಾಗಿರುತ್ತದೆ, ಇಲ್ಲವೇ ಕೊಲೆಗಾರ ಯಾರೆಂದು ಯಾರೋ ಒಬ್ಬ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ಬರೆದಿರುತ್ತಾನೆ. ಆದರೂ ಎನ್. ನರಸಿಂಹಯ್ಯನವರ ಹಳೆಯ ಪುಸ್ತಕಗಳನ್ನು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಪತ್ತೇದಾರ ಪುರುಷೋತ್ತಮನನ್ನು ಮನೆಮಾತು ಮಾಡಿದ ಅವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. 2011ರಲ್ಲಿ ತೀರಿಕೊಂಡರು. ನಮ್ಮಲ್ಲಿ ಎರಡು ಭಾಷೆ ಬಲ್ಲವರು ಅವರನ್ನು ಮಲಯಾಳದ ಕೋಟ್ಟಯಂ ಪುಷ್ಪನಾಥ್ ಅವರೊಂದಿಗೆ ಹೋಲಿಸುವುದುಂಟು. ಪುಷ್ಪನಾಥ್ ಶಾಲಾ ಮಾಷ್ಟ್ರಾಗಿದ್ದವರು, ಅವರ ಪತ್ತೇದಾರ ಮಾರ್ಕ್ಸಿನ್ ವಿದೇಶಗಳಲ್ಲೆಲ್ಲ ಓಡಾಡುವವನು. ಒಬ್ಬ ರಿಕ್ಷಾ ಚಾಲಕರ ತೀರ್ಪು ಹೀಗಿದೆ: "ಪುಷ್ಪನಾಥ್ ಓದಿದರೆ ಫಾರಿನ್ ನೋಡಿದ ಹಾಗೆ, ನರಸಿಂಹಯ್ಯ ಓದಿದರೆ ನಮ್ಮ ಪಕ್ಕದ ಮನೆಯಲ್ಲೇ ಕೊಲೆ ಆದ ಹಾಗೆ. ನಂಗೆ ಎರಡೂ ಬೇಕು." ಪೋಲೀಸ್ ಇಲಾಖೆಯಿಂದ ನಿವೃತ್ತರಾದವರೊಬ್ಬರ ದೂರು ಬೇರೆ. "ಎಲ್ಲ ಪುಸ್ತಕದಲ್ಲಿಯೂ ಪೋಲೀಸರು ದಡ್ಡರು, ಪತ್ತೇದಾರ ಒಬ್ಬನೇ ಬುದ್ಧಿವಂತ. ನಾವು ಮಳೆಯಲ್ಲಿ ನಿಂತು ಪತ್ತೆ ಮಾಡಿದ್ದನ್ನು ಯಾರು ಬರೆಯುತ್ತಾರೆ?" ಎಂದರು. ನೀವೇ ಬರೆಯಿರಿ ಎಂದು ಹೇಳಿದ್ದೇನೆ.

ಕೇಳಿಸಿಕೊಂಡು ಓದುವ ಪದ್ಧತಿಯೂ ನಮ್ಮ ಕಡೆ ಇತ್ತು. ಕಣ್ಣೂರು ಕಡೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಗಟ್ಟಿಯಾಗಿ ಪತ್ರಿಕೆ, ಕಾದಂಬರಿ ಓದುತ್ತಿದ್ದರು. ಅವರ ಪಾಲಿನ ಬೀಡಿಯನ್ನು ಉಳಿದವರು ಸೇರಿ ಕಟ್ಟಿಕೊಡುತ್ತಿದ್ದರು. 1969ರಲ್ಲಿ ಆರಂಭವಾದ ದಿನೇಶ್ ಬೀಡಿ ಸಹಕಾರಿ ಸಂಘದ ಶೆಡ್ಡುಗಳಲ್ಲೂ ಈ ಕ್ರಮ ಮುಂದುವರಿಯಿತು. ಅಕ್ಷರ ಬಾರದವರೂ ಹೀಗೆ ಓದುಗರಾದರು. ಮುಂದೇನಾಯಿತು ಎಂದು ತಿಳಿಯುವ ಆಸೆಯೇ ಅವರನ್ನು ಕೂರಿಸಿದ್ದು.

ಈ ಬಗೆಯ ಪುಸ್ತಕಗಳಲ್ಲಿ ದೋಷ ಇಲ್ಲವೆಂದು ನಾನು ಹೇಳುವುದಿಲ್ಲ, ಓದುಗರೂ ಹೇಳಿಲ್ಲ. ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ತೆಲುಗಿನಿಂದ ಕನ್ನಡಕ್ಕೆ ಬಂದು ಬಹಳ ಓದಿಸಿಕೊಂಡಿತು, 1985ರಲ್ಲಿ ಚಿತ್ರವೂ ಆಯಿತು. ಅದರ ಬಗ್ಗೆ ಒಬ್ಬ ತಾಯಿ, "ಓದುವಾಗ ಪುಸ್ತಕ ಕೆಳಗಿಡಲು ಆಗಲಿಲ್ಲ. ಆದರೆ ಮಾಟ ಮಂತ್ರ ನಿಜವೋ ಏನೋ ಎಂಬ ಹೆದರಿಕೆ ಮಕ್ಕಳಲ್ಲಿ ಉಳಿಯಿತು" ಎಂದು ಬರೆದಿದ್ದಾರೆ. ಇದು ತೂಕದ ಮಾತು. ಇಂಥವರಿಗೆ ನಾನು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಕೊಡುತ್ತೇನೆ. ಏಲಕ್ಕಿ ಮಾರಲು ಹೊರಟ ಗಂಡಹೆಂಡಿರ ಕಥೆ ಅದು. ಪತ್ತೇದಾರಿಯ ಓಟವೂ ಇದೆ, ಕಾಡು ಹಾಳಾಗುವ ಸಂಗತಿಯೂ ಇದೆ. ಅದನ್ನು ಓದಿದವರು ತಾವಾಗಿಯೇ 'ಕರ್ವಾಲೊ' ಕೇಳಿಕೊಂಡು ಬರುತ್ತಾರೆ. ದೊಡ್ಡ ಸಾಹಿತ್ಯಕ್ಕೆ ಹತ್ತುವ ಮೆಟ್ಟಿಲು ಇದೇ ಕಪಾಟಿನಲ್ಲಿದೆ.

ಮೂರನೆಯದು ಕೈಪಿಡಿಗಳು. ಇವನ್ನು ಕೊಂಡುಹೋದವರು ಬೇಗ ಹಿಂದೆ ಕೊಡುವುದಿಲ್ಲ, ಕೊಟ್ಟಾಗ ಪುಟಗಳಲ್ಲಿ ಅರಸಿನದ ಕಲೆ ಇರುತ್ತದೆ. ಇಲ್ಲಿ ಓದುಗರ ದೂರು ಮುಖ್ಯವಾಗಿ ಒಂದೇ. ಪುಸ್ತಕ ಬೇರೆ ಊರಿನವರಿಗಾಗಿ ಬರೆದದ್ದು. ಹೂದೋಟದ ಪುಸ್ತಕವೊಂದನ್ನು ನೋಡಿ ಗಿಡ ನೆಟ್ಟ ಹುಡುಗನ ಗಿಡಗಳು ಆಟಿ ತಿಂಗಳಲ್ಲಿ ಕೊಳೆತವು. ತಪ್ಪು ಹುಡುಗನದ್ದಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1000 ಮಿಲಿಮೀಟರ್, ನಮ್ಮಲ್ಲಿ ಸುಮಾರು 3500. ಅಲ್ಲಿನ ಜೂನ್ ತಿಂಗಳೇ ಬೇರೆ, ಇಲ್ಲಿನದೇ ಬೇರೆ. ಜೇನಿನ ಪುಸ್ತಕದಲ್ಲಿ ತುಡುವೆ ಜೇನಿಗೆ ಹತ್ತಾರು ಪುಟ, ಮುಜಂಟಿಗೆ ಒಂದು ಪುಟ. ಅಡುಗೆ ಪುಸ್ತಕದಲ್ಲಿ ಕುಚ್ಚಲಕ್ಕಿಯ ಸುದ್ದಿಯೇ ಇಲ್ಲ. "ಕಪ್ ಎಂದರೆ ಎಷ್ಟು ಕುಡ್ತೆ?" ಎಂದು ಒಬ್ಬ ಅಜ್ಜಿ ನನ್ನನ್ನು ಕೇಳಿದರು. ಲೆಕ್ಕದವನಾದ್ದರಿಂದ ಒಂದು ಕುಡ್ತೆ ನೀರನ್ನು ಅಳತೆ ಪಾತ್ರೆಗೆ ಹೊಯ್ದು ನೋಡಿ ಪಟ್ಟಿ ಮಾಡಿ ಪುಸ್ತಕದ ಒಳರಟ್ಟಿಗೆ ಅಂಟಿಸಿದ್ದೇನೆ.

ಇದಕ್ಕೆ ಉತ್ತರವೂ ನಮ್ಮ ನಾಡಿನಲ್ಲೇ ಹುಟ್ಟಿದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಶ್ರೀಪಡ್ರೆಯವರು ನಮ್ಮ ಕಾಸರಗೋಡು ಜಿಲ್ಲೆಯವರೇ. ತೋಟದಲ್ಲಿ ಮಾಡಿ ನೋಡಿದವರೇ ಬರೆದದ್ದನ್ನು ಓದಿದಾಗ ಮಳೆಯ ಲೆಕ್ಕವೂ ತಪ್ಪುವುದಿಲ್ಲ, ಮಾತೂ ನಮ್ಮದೇ ಆಗಿರುತ್ತದೆ.

ಕೈಪಿಡಿಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಪಯ್ಯನ್ನೂರು ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದ ಸೊಸೆಯೊಬ್ಬಳು ಓದಿದ್ದು ಮಲಯಾಳ. ಅತ್ತೆ ಕನ್ನಡದ ಅಡುಗೆ ಪುಸ್ತಕ ಕೊಂಡುಹೋಗುತ್ತಿದ್ದರು. ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ಓದಿ ಹೇಳಬೇಕಾದವಳು ಸೊಸೆ. ಉಪ್ಪು, ಹುಳಿ, ಮೆಣಸು ಎಂದು ಅಕ್ಷರ ಕೂಡಿಸಿ ಕಲಿತಳು. ಈಗ ಸಾಯಿಸುತೆಯವರ ಪುಸ್ತಕ ವಾರಕ್ಕೊಂದು ಕೊಂಡುಹೋಗುತ್ತಾಳೆ. ಮಲಯಾಳ ಮಾಧ್ಯಮದಲ್ಲಿ ಓದುವ ಅವಳ ಮಗಳು ಅಮ್ಮನ ಮಗ್ಗುಲಲ್ಲಿ ಕುಳಿತು ಕನ್ನಡದ ಹೆಸರುಗಳನ್ನು ಓದಲು ತೊಡಗಿದ್ದಾಳೆ. ಶಾಲೆ ಕಲಿಸದ ಕನ್ನಡ ಒಂದು ಮನೆಯೊಳಗೆ ಹೀಗೆ ಬಂತು.

ಬ್ಯಾಂಕಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರ ನಡೆಯದ ಖಾತೆಯನ್ನು ನಿಷ್ಕ್ರಿಯ ಖಾತೆ ಎನ್ನುತ್ತಾರೆ. ಅದರಲ್ಲಿ ಎಷ್ಟು ಹಣವಿದ್ದರೂ ಹಾಗೆಯೇ. ಒಳ್ಳೆಯ ಗ್ರಂಥಗಳು ಕಪಾಟಿನಲ್ಲಿ ತುಂಬಿದ್ದು ಯಾರೂ ಮುಟ್ಟದಿದ್ದರೆ ಕನ್ನಡದ ಖಾತೆಯೂ ನಿಷ್ಕ್ರಿಯವೇ. ಅದನ್ನು ನಡೆಸುತ್ತಿರುವುದು ಸಣ್ಣ ಸಣ್ಣ ಜಮೆಗಳು. ಬೀಡಿ ಕಟ್ಟುವ ತಂಗಿಯ ಇಪ್ಪತ್ತು ಪುಟ, ರಿಕ್ಷಾದವರ ಒಂದು ಕೊಲೆ ಕಥೆ, ಅಜ್ಜಿಯ ಒಂದು ಸಾಂಬಾರು. ಈಗ ಹುಡುಗರು ಮೊಬೈಲಿನಲ್ಲಿ ಪ್ರತಿಲಿಪಿಯಂಥ ಕಡೆಗಳಲ್ಲಿ ಕಥೆ ಓದುತ್ತಾರೆ, ಸಂತೋಷ. ಆದರೆ ಮೊಬೈಲಿನ ಓದು ವಾಚನಾಲಯದ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಕನ್ನಡಕ್ಕೆ ಓದುಗರಿದ್ದಾರೋ ಇಲ್ಲವೋ ಎಂದು ಸಮಿತಿ ನೋಡುವುದು ಆ ದಾಖಲೆಯನ್ನೇ.

ಆದ್ದರಿಂದ, ಗಡಿಯ ಯಾವ ಊರಿನಲ್ಲಿ ಕುಳಿತು ಇದನ್ನು ಕೇಳುತ್ತಿದ್ದರೂ ನಿಮ್ಮಲ್ಲಿ ಮೂರು ವಿನಂತಿ. ನಿಮ್ಮೂರಿನ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳಿದ್ದರೆ ತಿಂಗಳಿಗೆ ಒಂದನ್ನಾದರೂ ನಿಮ್ಮ ಹೆಸರಿನಲ್ಲಿ ಬರೆಸಿ ಮನೆಗೆ ತನ್ನಿ. ಓದಿದ ಮೇಲೆ ಚೆನ್ನಾಗಿದೆಯೋ ಇಲ್ಲವೋ ಒಂದು ಸಾಲು ಬರೆದಿಡಿ. ಪುಸ್ತಕ ಕೊಳ್ಳುವ ಸಭೆ ಇದ್ದಾಗ ಹೋಗಿ, ನಿಮಗೆ ಬೇಕಾದ ಪುಸ್ತಕದ ಹೆಸರನ್ನು ನಾಚದೆ ಹೇಳಿ. ಕಾರಂತರ ಪುಸ್ತಕವೂ ಇರಲಿ, ಸಾಯಿಸುತೆಯವರದೂ ಇರಲಿ. ನಮ್ಮ ಸಮಿತಿಯ ಮುಂದಿನ ಸಭೆಗೆ ನೋಟುಪುಸ್ತಕವನ್ನು ಕೊಂಡುಹೋಗುತ್ತೇನೆ. ಅಲ್ಲಿ ಓದಿ ಹೇಳಲು ಸಾಕಷ್ಟು ಪುಟ ತುಂಬಿದೆ.