ಏನೂ ನಡೆಯದ ಕಾದಂಬರಿ



ತುಮಕೂರಿನಲ್ಲಿ ರೈಲನ್ನೇರಿ ಗುಬ್ಬಿಗೆ ಹೊರಟವನು ಗುಬ್ಬಿ ಬಂದೊಡನೆ ಇಳಿಯುತ್ತಾನೆ. ಕಾದಂಬರಿಯೂ ಹೀಗೆಯೇ ನಮ್ಮನ್ನು ಒಂದು ಊರಿಗೆ ಮುಟ್ಟಿಸಬೇಕೆಂದು ನಾವು ಬಯಸುತ್ತೇವೆ. ಇಂಗ್ಲೆಂಡಿನ ವರ್ಜೀನಿಯ ವುಲ್ಫ್ ಅವರು 1927ರಲ್ಲಿ ಪ್ರಕಟಿಸಿದ ‘ಟು ದಿ ಲೈಟ್‌ಹೌಸ್’ ಅಂಥ ಪುಸ್ತಕವಲ್ಲ. ಮೊದಲ ಬಾರಿ ನಾನದನ್ನು 40ನೆಯ ಪುಟದಲ್ಲಿ ಮುಚ್ಚಿಟ್ಟೆ. ಎರಡನೆಯ ಬಾರಿ ಹಟದಿಂದ ಮುಗಿಸಿದೆ, ಏನೂ ದಕ್ಕಲಿಲ್ಲ. ಕುಣಿಗಲ್ ಕೆರೆಯ ಏರಿಯ ಮೇಲೆ ಕುಳಿತವನು ಈ ಕೆರೆ ಎಲ್ಲಿಗೆ ಹೋಗುತ್ತದೆಂದು ಕೇಳುವುದಿಲ್ಲವಷ್ಟೆ. ಆ ಮನಸ್ಸಿನಿಂದ, ದಿನಕ್ಕೆ ಹತ್ತೇ ಪುಟದಂತೆ, ಮೂರನೆಯ ಸಲ ಓದಿದಾಗ ಪುಸ್ತಕ ಬಾಯಿಬಿಟ್ಟಿತು.

ಕಥೆ ಎರಡು ಮಾತಿನದು. ನಾಳೆ ಹವೆ ಚೆನ್ನಾಗಿದ್ದರೆ ಕಡಲ ನಡುವಣ ದೀಪಸ್ತಂಭಕ್ಕೆ ಹೋಗೋಣವೆಂದು ಶ್ರೀಮತಿ ರ‍್ಯಾಮ್ಸೆ ಆರು ವರ್ಷದ ಮಗನಿಗೆ ಹೇಳುತ್ತಾಳೆ. ಚೆನ್ನಾಗಿರಲಾರದೆಂದು ತಂದೆ ಹೇಳುತ್ತಾನೆ. ಹೋಗುವುದು ಹತ್ತು ವರ್ಷದ ಮೇಲೆ, ತಾಯಿಯಿಲ್ಲದೆ.

ಇಷ್ಟಕ್ಕೆ ಅಷ್ಟು ಕಷ್ಟವೇಕೆ? ಊಟದ ಪ್ರಕರಣವನ್ನು ನೋಡಿರಿ. ಮನೆ ತುಂಬ ಅತಿಥಿಗಳು. ಎಂಟು ಮಕ್ಕಳ ತಾಯಿಯಾದ ಆ ಮನೆಯೊಡತಿ ತಟ್ಟೆ ತಟ್ಟೆಗೆ ಸೂಪು ಬಡಿಸುತ್ತಿದ್ದಾಳೆ. ಅದೇ ಗಳಿಗೆಯಲ್ಲಿ, ನನ್ನ ಬಾಳನ್ನು ಏನು ಮಾಡಿಕೊಂಡೆ ಎಂದು ತನ್ನೊಳಗೆ ಕೇಳಿಕೊಳ್ಳುತ್ತಾಳೆ. ಸೌಟು ನಿಲ್ಲುವುದಿಲ್ಲ. ಉಣ್ಣುವವರಿಗೆ ತಿಳಿಯುವುದೂ ಇಲ್ಲ. ಆಕೆಯ ಬಾಳಿನ ದೊಡ್ಡ ಸಂಗತಿಗಳೆಲ್ಲ ಹೀಗೆ ಎರಡು ಸೌಟುಗಳ ನಡುವೆ ನಡೆಯತಕ್ಕವು. ಮದುವೆ, ಮರಣ, ಆಸ್ತಿ ಎಂದು ಘಟನೆಗಳನ್ನು ಪೋಣಿಸಿ ಹೇಳುವ ಹಳೆಯ ರೀತಿಗೆ ಅವು ಸಿಕ್ಕವು. ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ವಾಕ್ಯವು ಹೇಳದೆ ಕೇಳದೆ ದಾಟುವುದು ಇದಕ್ಕಾಗಿಯೇ.

ಈ ತಾಯಿಯ ಸಾವನ್ನು ವುಲ್ಫ್ ಆವರಣ ಚಿಹ್ನೆಯೊಳಗೆ, ಒಂದೇ ವಾಕ್ಯದಲ್ಲಿ, ಮುಗಿಸಿಬಿಡುತ್ತಾರೆ. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ ಸೀಮೆಯವರು ನಾವು. ನಾಯಕಿಯ ಸಾವಿಗೆ ಒಂದು ದೃಶ್ಯವಾದರೂ ಬೇಡವೇ? ನನಗೆ ಕೋಪವೇ ಬಂತು. ಆದರೆ ಸಂಸಾರವನ್ನೆಲ್ಲ ಹೊತ್ತ ಹೆಂಗಸು ತೀರಿಕೊಂಡಾಗ ದೂರದ ನೆಂಟರಿಗೆ ಬರೆಯುತ್ತಿದ್ದ ಕಾರ್ಡಿನಲ್ಲಿ ಎಷ್ಟು ಸಾಲು ಇರುತ್ತಿತ್ತು? ಆ ಒಂದು ಸಾಲಿನ ಬಳಿಕ ಮನೆ ಬರಿದಾಗುತ್ತದೆ. ಪುಸ್ತಕದ ಉಳಿದ ಭಾಗವೆಲ್ಲ ಆ ಬರಿದು.

ಕೊರತೆಯೂ ಉಂಟು. ಹಾಳುಬಿದ್ದ ಮನೆಯನ್ನು ಗುಡಿಸಿ ಉಳಿಸುವ ಮುದುಕಿ ಶ್ರೀಮತಿ ಮೆಕ್‌ನ್ಯಾಬಳ ಮನಸ್ಸಿಗೆ ಒಡತಿಯ ಮನಸ್ಸಿಗೆ ಸಿಕ್ಕಷ್ಟು ಜಾಗ ಸಿಗುವುದಿಲ್ಲ.

ನಮ್ಮ ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಓದಿದವರು. ‘ಶರಪಂಜರ’ದಲ್ಲಿ ಹೆಣ್ಣಿನ ಮನಸ್ಸಿನ ಬಿರುಕನ್ನೇ ವಸ್ತುವಾಗಿ ಮಾಡಿಕೊಂಡರು, ಕಥೆಯ ದಾರವನ್ನು ಮಾತ್ರ ಕೈಬಿಡಲಿಲ್ಲ. ವುಲ್ಫ್ ದಾರವನ್ನೇ ಬಿಟ್ಟರು. ಬರೆಯುವ ಹೆಂಗಸಿಗೆ ಸ್ವಂತ ವರಮಾನವೂ ಸ್ವಂತ ಕೋಣೆಯೂ ಬೇಕೆಂದು 1929ರಲ್ಲಿ ವಾದಿಸಿದವರು ಇವರೇ. ಈ ಕಾದಂಬರಿಯ ಲಿಲಿ ಬ್ರಿಸ್ಕೋಗೆ, ಹೆಂಗಸರು ಬರೆಯಲಾರರು, ಚಿತ್ರ ತೆಗೆಯಲಾರರು ಎಂದು ಒಬ್ಬ ತರುಣ ಪಂಡಿತ ಹೇಳಿರುತ್ತಾನೆ. ಹತ್ತು ವರ್ಷದ ಮೇಲೆ, ದೋಣಿ ದೀಪಸ್ತಂಭವನ್ನು ಮುಟ್ಟಿರಬೇಕೆನ್ನುವ ಹೊತ್ತಿಗೆ, ಲಿಲಿ ತನ್ನ ಚಿತ್ರದ ನಡುವೆ ಒಂದು ಗೆರೆಯನ್ನೆಳೆದು ಕುಂಚವನ್ನು ಕೆಳಗಿಡುತ್ತಾಳೆ. ಆ ಚಿತ್ರ ಯಾರದೋ ಅಟ್ಟವನ್ನು ಸೇರೀತೆಂದು ಆಕೆಯೇ ಬಲ್ಲಳು.