ಕಡಿದ ಸ್ನಾಯುರಜ್ಜು ಮತ್ತು ಪಾಲಿಮರ್ ದಾರ



ನಾಗನೂರ ಸುತ್ತ ಕಬ್ಬು ಕಡಿಯುವಾಗ ಕುಡುಗೋಲು ತಾಗಿ ಕೈ ಕೊಯ್ಯುವುದುಂಟು. ಗಾಯ ಸಣ್ಣದಿದ್ದರೂ ಬೆರಳು ಮಡಚಲು ಬಾರದಿದ್ದರೆ ಸ್ನಾಯುರಜ್ಜು ಕಡಿದಿರಬಹುದು. ಇದು ಮಾಂಸಖಂಡವನ್ನು ಎಲುಬಿಗೆ ಕಟ್ಟಿದ ಹಗ್ಗವಿದ್ದಂತೆ. ಅರಿಶಿಣ, ಸುಣ್ಣ ಹಚ್ಚದೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಅಂದೇ ಆಸ್ಪತ್ರೆಗೆ ಬನ್ನಿರಿ.

ರಜ್ಜು ನಿಧಾನವಾಗಿ ಕೂಡುವುದರಿಂದ ಬೇಗ ಕರಗುವ ದಾರ ಸಾಲದು. ಪಾಲಿಪ್ರೊಪಿಲೀನ್, ನೈಲಾನ್ ಅಥವಾ ಪಾಲಿಯೆಸ್ಟರ್‌ನಂಥ ಪಾಲಿಮರ್ ದಾರದಿಂದ ಹೊಲಿಯುತ್ತಾರೆ. ಅದು ಒಳಗೇ ಉಳಿಯುತ್ತದೆ, ಸಾಮಾನ್ಯವಾಗಿ ತೆಗೆಯಬೇಕಿಲ್ಲ. ಚರ್ಮದ ಹೊಲಿಗೆ ಮಾತ್ರ ಬಿಚ್ಚುತ್ತಾರೆ.

ದಾರ ಎರಡು ತುದಿಗಳನ್ನು ಹಿಡಿದಿಡುತ್ತದೆ, ಅಷ್ಟೇ, ಕೂಡಿಸುವುದು ದೇಹ. ಎರಡು ವಾರಕ್ಕೆ ಚರ್ಮ ಮಾಯುತ್ತದೆ, ಆದರೆ ಒಳಗಿನ ರಜ್ಜು ಇನ್ನೂ ಮೆತ್ತಗಿರುತ್ತದೆ. ನೋವಿಲ್ಲವೆಂದು ಸ್ಪ್ಲಿಂಟ್ ಬಿಚ್ಚಿ ಕೊಡ ಎತ್ತಿದರೆ ಹೊಲಿಗೆ ಹರಿದು ಮತ್ತೆ ಆಪರೇಷನ್ ಬೇಕಾದೀತು. ಬೆರಳನ್ನು ಅಲುಗಿಸದೇ ಇಟ್ಟರೂ ರಜ್ಜು ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಹೇಳಿಕೊಟ್ಟ ವ್ಯಾಯಾಮವನ್ನು ಹೇಳಿದಷ್ಟೇ ಮಾಡಿರಿ. ಸಾಮಾನ್ಯವಾಗಿ ಸುಮಾರು 6 ವಾರ ಸ್ಪ್ಲಿಂಟ್ ಇರಬೇಕು. 12 ವಾರ ಭಾರದ ಕೆಲಸ ಬೇಡ.

ಮನೆಯವರೇ, ಅಲ್ಲಿಯವರೆಗೆ ಅವರ ಹೊಲದ ಕೆಲಸ ನೀವು ಹಂಚಿಕೊಳ್ಳಿರಿ. ನಾಳೆ ಆ ಕೈ ಮತ್ತೆ ಕುಡುಗೋಲು ಹಿಡಿಯಬೇಕು.