ಕಾಣದ ಸೋರಿಕೆ



ನೀರಿಗಾಗಿ ನಾವು ಪಟ್ಟ ಪಾಡು ನಿಮಗೆ ಗೊತ್ತು. ಕೊಡ ಹೊತ್ತು ತಲೆ ಸವೆಯಿತು. ಬೋರಿನ ಮುಂದೆ ಸಾಲು ನಿಂತೆವು. 2019ರಲ್ಲಿ ಜಲ ಜೀವನ್ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರು. ನಮ್ಮ ಬೀದಿಗೂ ನಲ್ಲಿ ಬಂತು.

ನಲ್ಲಿ ಬಂದರೆ ಸಾಕೇ? ಸಾಲದು. ಅದನ್ನು ಕಾಯಬೇಕು.

ನಮ್ಮ ಬೀದಿಯ ಕಥೆ ಕೇಳಿ. ಒಂದು ಮನೆಯ ಮುಂದೆ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿತ್ತು. "ಒಳ್ಳೇದೇ ಆಯ್ತು ಬಿಡಿ, ಕರುವಿಗೆ ಮೇವು" ಎಂದು ನಕ್ಕೆವು. ಸ್ವಲ್ಪ ದಿನದಲ್ಲಿ ಆ ಮನೆಯ ಮಕ್ಕಳಿಬ್ಬರಿಗೂ ವಾಂತಿ ಭೇದಿ ಹಿಡಿಯಿತು. ಆಸ್ಪತ್ರೆಗೆ ಓಡಿದೆವು. ಮಕ್ಕಳು ಉಳಿದರು. ಆಮೇಲೆ ನೆಲ ಅಗೆದು ನೋಡಿದೆವು. ಪೈಪು ಚರಂಡಿಯೊಳಗೇ ಹಾದಿತ್ತು. ಅದರ ಜಾಯಿಂಟು ಬಿಟ್ಟಿತ್ತು.

ನೀರು ಹೊರಗೆ ಸೋರಿದರೆ ಕೊಳೆ ಒಳಗೆ ಹೇಗೆ ಬಂತು? ನೀರು ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ. ಆಗ ನೀರು ಹೊರಗೆ ಹೋಗುತ್ತದೆ. ನೀರು ನಿಲ್ಲಿಸಿದಾಗ ಪೈಪು ಬರಿದಾಗುತ್ತದೆ. ಎಳನೀರನ್ನು ಕೊಳವೆಯಿಂದ ಹೀರುತ್ತೇವಲ್ಲ, ಹಾಗೆ ಬರಿದಾದ ಪೈಪು ಚರಂಡಿ ನೀರನ್ನು ಹೀರುತ್ತದೆ. ಮರುದಿನ ಅದೇ ನೀರು ನಮ್ಮ ಕೊಡಕ್ಕೆ! ನಲ್ಲಿಗೆ ನೇರವಾಗಿ ಮೋಟಾರು ಹಾಕಿದರೂ ಹೀಗೇ ಆಗುತ್ತದೆ. ಅದನ್ನು ಹಾಕಲೇಬಾರದು.

ಕಾಣದ ಸೋರಿಕೆ ಪತ್ತೆ ಮಾಡೋದು ಹೇಗೆ?

ನೀರು ಬರುವ ಹೊತ್ತಿನಲ್ಲಿ ಎಲ್ಲಾ ನಲ್ಲಿ ನಿಲ್ಲಿಸಿ. ಮೀಟರ್ ಇದ್ದರೆ ಅದರ ಮುಳ್ಳು ನೋಡಿ. ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಮೀಟರ್ ಇಲ್ಲದಿದ್ದರೆ ಪೈಪಿಗೆ ಕಿವಿ ಕೊಡಿ. 'ಸುಯ್' ಎಂಬ ಸದ್ದು ಬರುತ್ತಿದೆಯೇ?

ಮನೆಯ ಟ್ಯಾಂಕಿಗೆ ರಾತ್ರಿ ನೀರಿನ ಮಟ್ಟದಲ್ಲಿ ಗುರುತು ಹಾಕಿ. ಯಾರೂ ನೀರು ಬಳಸಬೇಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ಇದೆ.

ಗೋಡೆಯಲ್ಲಿ ತೇವ, ಪಾಚಿ, ಒಣಗದ ಕೆಸರು ಕಂಡರೆ ಸುಮ್ಮನಿರಬೇಡಿ.

ತೊಟ್ಟಿಕ್ಕುವ ನಲ್ಲಿಯ ಲೆಕ್ಕವನ್ನೂ ಮಾಡೋಣ. ಕಾಲು ಲೀಟರ್ ಲೋಟ ಇಡಿ. ಅದು 15 ನಿಮಿಷಕ್ಕೆ ತುಂಬಿದರೆ ಗಂಟೆಗೆ 1 ಲೀಟರ್. ದಿನಕ್ಕೆ 24 ಲೀಟರ್. ತಿಂಗಳಿಗೆ 720 ಲೀಟರ್! ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕೆಂಬುದು ಯೋಜನೆಯ ಗುರಿ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಮೋರಿಪಾಲು. ಎಷ್ಟೋ ಸಲ ಸವೆದ ಒಂದು ವಾಷರ್ ಬದಲಿಸಿದರೆ ಸಾಕು.

ಕೆಲಸದವರು ಬಂದಾಗ ನಾವು ಪಕ್ಕದಲ್ಲೇ ನಿಲ್ಲಬೇಕು. ಕಬ್ಬಿಣದ ಪೈಪಿನ ತಿರುಪಿಗೆ ಟೆಫ್ಲಾನ್ ಟೇಪು ಸುತ್ತುತ್ತಾರೆ. ಬಿಗಿಯುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಪಿ.ವಿ.ಸಿ. ಪೈಪಾದರೆ ನೆಟ್ಟಗೆ ಕತ್ತರಿಸಬೇಕು. ಧೂಳು, ತೇವ ಒರೆಸಬೇಕು. ಆಮೇಲೆ ಅಂಟು ಹಚ್ಚಬೇಕು. ಅಂಟು ಗಟ್ಟಿಯಾಗುವ ಮೊದಲು ನೀರು ಬಿಡಬಾರದು. ನೀರು ಬಿಟ್ಟು, ಜಾಯಿಂಟು ನೋಡಿ, ಆಮೇಲೇ ಮಣ್ಣು ಮುಚ್ಚಿಸಿ. ಪೈಪು ಚರಂಡಿಯಲ್ಲಿ ಹಾದುಹೋಗಲು ಬಿಡಬೇಡಿ.

ಸೈಕಲ್ ಟ್ಯೂಬು ಕಟ್ಟೋದು ಒಂದು ದಿನದ ಮಾತು. ಅದೇ ರಿಪೇರಿ ಎಂದು ಮರೆತುಬಿಡಬೇಡಿ. ಬೀದಿ ಪೈಪು ಒಡೆದರೆ ನೀರುಗಂಟಿಗೆ ತಿಳಿಸಿ. ಸರಿ ಹೋಗದಿದ್ದರೆ ಪಂಚಾಯಿತಿಗೆ ಅರ್ಜಿ ಬರೆಯಿರಿ. ಈಗ ನಮಗೆ ಬರೆಯಲು ಬರುತ್ತದಲ್ಲ! ಸರಿಯಾಗುವ ತನಕ ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ.

ನಾವು ಅಂದು ಹಸಿರು ಹುಲ್ಲು ನೋಡಿ ನಕ್ಕೆವು. ನೀವು ನಗಬೇಡಿ. ಅಗೆದು ನೋಡಿ.